ನೆಲದಡಿಯ ಗಾಳಿ ಕೊಳವೆ ಹಾಳಾದಾಗ: ನಂಬಿಕೆ ಏನು, ನಿಜ ಏನು?

ಅಮೆರಿಕದಲ್ಲಿ ಹಳೆಯ ಮನೆ ಕೊಳ್ಳುವ ನಮ್ಮವರಿಗೆ ಚಾವಣಿ, ನಲ್ಲಿ, ವೈರಿಂಗ್ ಬಗ್ಗೆ ಬುದ್ಧಿ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ನೆಲದಡಿ ಹುದುಗಿರುವ ಡಕ್ಟ್‌ಗಳ ಮಾತನ್ನು ಎತ್ತುವವರು ಕಡಿಮೆ. 1950ರಿಂದ 70ರ ದಶಕದವರೆಗೆ ಅಲ್ಲಿ ನೆಲಮಾಳಿಗೆ ಇಲ್ಲದೆ, ಮಣ್ಣಿನ ಮೇಲೆ ನೇರವಾಗಿ ಕಾಂಕ್ರೀಟ್ ಸ್ಲ್ಯಾಬ್ ಹಾಕಿ ಕಟ್ಟಿದ ಮನೆಗಳು ಬಹಳ. ಅಂಥ ಎಷ್ಟೋ ಮನೆಗಳಲ್ಲಿ ಫರ್ನೇಸಿನ ಬಿಸಿಗಾಳಿ ಸ್ಲ್ಯಾಬಿನಡಿಯ ಕೊಳವೆಗಳಲ್ಲಿ ಹರಿದು, ಕಿಟಕಿಗಳ ಕೆಳಗಿನ ಜಾಲರಿಗಳಿಂದ ಮೇಲೆ ಬರುತ್ತದೆ. ಚಳಿ ನುಗ್ಗುವ ಜಾಗವನ್ನೇ ಬೆಚ್ಚಗಿಡುವ ಜಾಣ ಏರ್ಪಾಡು ಅದು. ಆದರೆ ಅರ್ಧ ಶತಮಾನ ಮಣ್ಣಿನ ತೇವದಲ್ಲಿದ್ದ ಕೊಳವೆ ಹಾಳಾಗುತ್ತದೆ. ಹಾಳಾದಾಗ ಮನೆಯವರು ಹಣ ಕಳೆದುಕೊಳ್ಳುವುದು ಬಹುಪಾಲು ತಪ್ಪು ನಂಬಿಕೆಗಳಿಂದ.

“ಮುಗ್ಗಲು ವಾಸನೆ ಬಂದರೆ ಡಕ್ಟ್ ಕ್ಲೀನ್ ಮಾಡಿಸಿದರಾಯಿತು” ಎಂಬುದು ಮೊದಲ ನಂಬಿಕೆ. ಒಂದು ಜಾಲರಿ ಕಿತ್ತು, ಫೋನಿನ ಟಾರ್ಚ್ ಹಿಡಿದು ಒಳಗೆ ನೋಡಿ. ಗೋಡೆಯ ಮೇಲೆ ನೀರು ನಿಂತು ಇಳಿದ ಗೆರೆ, ತಳದಲ್ಲಿ ಒಣಗಿದ ಕೆಸರು, ಮುಟ್ಟಿದರೆ ಹಾಳೆಹಾಳೆಯಾಗಿ ಉದುರುವ ತುಕ್ಕು ಕಂಡರೆ ಅಲ್ಲಿಗೆ ನೀರು ಬರುತ್ತಿದೆ ಎಂದೇ ಅರ್ಥ. ನೀರಿನ ದಾರಿ ಮುಚ್ಚದೆ ಡಕ್ಟ್ ತೊಳೆಸುವುದು ಸೋರುವ ಸೂರಿನಡಿ ನೆಲ ಒರೆಸಿದ ಹಾಗೆ. ಬೂಷ್ಟು ಮತ್ತೆ ಬೆಳೆಯುತ್ತದೆ. ಹೊರಗೆ ಹೋಗಿ ನೋಡಿದರೆ ಕಾರಣ ಸಾಮಾನ್ಯವಾಗಿ ಕಣ್ಣೆದುರೇ ಇರುತ್ತದೆ: ಸೂರಿನ ಪೈಪು ಗೋಡೆಯ ಬುಡಕ್ಕೇ ನೀರು ಸುರಿಯುತ್ತಿರುತ್ತದೆ, ಇಲ್ಲವೇ ಅಂಗಳ ಮನೆಯ ಕಡೆಗೇ ಇಳಿಜಾರಾಗಿರುತ್ತದೆ. ಗೋಡೆಯಿಂದ ಮೊದಲ 10 ಅಡಿಯಲ್ಲಿ ನೆಲ 6 ಇಂಚಾದರೂ ಇಳಿಯಬೇಕು ಎನ್ನುವುದು ಅಲ್ಲಿನ ಕಟ್ಟಡ ಸಂಹಿತೆ. ಸ್ಲ್ಯಾಬಿನಡಿಯ ನೀರಿನ ಪೈಪು ಸೋರುತ್ತಿದೆಯೇ ಎಂಬುದನ್ನೂ ಪರೀಕ್ಷಿಸಬೇಕು.

ಒಳಗೆ ಬಳಿಯುವ ಲೇಪನದಿಂದ ಎಲ್ಲ ಸರಿಹೋಗುತ್ತದೆ ಎಂದು ಮಾರುವವರು ಹೇಳುತ್ತಾರೆ. ಅರ್ಧ ನಿಜ. ಕೊಳವೆ ತನ್ನ ಆಕಾರ ಉಳಿಸಿಕೊಂಡಿದ್ದರೆ, ಒಣಗಿದ್ದರೆ, ಚೆನ್ನಾಗಿ ಶುಚಿಗೊಳಿಸಿ ಒಳಮೈಗೆ ಲೇಪನ ಸಿಂಪಡಿಸಬಹುದು. ಹೊಗೆಯಂತೆ ಅಂಟು ಹಾಯಿಸಿ ಸಂದು ಮುಚ್ಚುವ ವಿಧಾನವೂ ಇದೆ. ಅದು ಸಣ್ಣ ಸೋರಿಕೆಗಷ್ಟೇ. ಕುಸಿದ ತಗಡನ್ನು, ನೆನೆದು ಮೆತ್ತಗಾದ ರಟ್ಟಿನ ಕೊಳವೆಯನ್ನು ಯಾವ ಬಣ್ಣವೂ ಎತ್ತಿ ನಿಲ್ಲಿಸದು. ಅಂತರ್ಜಲ ಮೇಲೇರಿ ವರ್ಷವಿಡೀ ನೀರು ನಿಲ್ಲುವ ಕಡೆ ಲೇಪನಕ್ಕೆ ಖರ್ಚು ಮಾಡಬೇಡಿ.

ಹಾಗಾದರೆ ಮನೆಯ ನೆಲವನ್ನೆಲ್ಲ ಒಡೆಯಬೇಕೇ? ಬೇಕಿಲ್ಲ. ಹಳೆಯ ಕೊಳವೆಗಳಿಗೆ ತೆಳು ಕಾಂಕ್ರೀಟ್ ತುಂಬಿಸಿ ಶಾಶ್ವತವಾಗಿ ಮುಚ್ಚಿ, ಅಟ್ಟದ ಮೂಲಕ ಶಾಖನಿರೋಧಕ ಹೊದಿಸಿದ ಹೊಸ ಡಕ್ಟ್ ಎಳೆಯಬಹುದು. ಪೂರ್ತಿ ಕೆಟ್ಟ ಕೊಳವೆಗೆ ಇದೇ ಸರಿಯಾದ ಪರಿಹಾರ ಎಂಬುದು ನನ್ನ ಅಭಿಪ್ರಾಯ.

ಕೊಳವೆ ಯಾವುದರದ್ದು ಎಂದು ಕೇಳದೆ ಯಾರನ್ನೂ ಬ್ರಷ್ ಹಾಕಲು ಬಿಡಬೇಡಿ. ಆ ಕಾಲದಲ್ಲಿ ಟ್ರಾನ್ಸೈಟ್ ಎಂಬ ಕಲ್ನಾರು-ಸಿಮೆಂಟಿನ ಕೊಳವೆಗಳನ್ನೂ ಹೂಳುತ್ತಿದ್ದರು. ಕಲ್ನಾರು ಎಂದರೆ ನಮ್ಮ ಆಸ್ಬೆಸ್ಟಾಸ್. ಗಟ್ಟಿಯಾಗಿರುವ ಕೊಳವೆಯನ್ನು ಕಂಡು ಗಾಬರಿಯಾಗುವ ಅಗತ್ಯವಿಲ್ಲ. ಉಜ್ಜಿದಾಗ, ಒಡೆದಾಗ, ಶಿಥಿಲವಾದಾಗ ಅದರ ನಾರು ಗಾಳಿಗೆ ಸೇರಿ ಶ್ವಾಸಕೋಶ ಹೊಗುವುದೇ ಅಪಾಯ. ಅನುಮಾನವಿದ್ದರೆ ಪರವಾನಗಿ ಪಡೆದವರಿಂದ ಮಾದರಿ ತೆಗೆಸಿ ಪರೀಕ್ಷೆ ಮಾಡಿಸಿ.

ಎಲ್ಲಕ್ಕಿಂತ ಅಪಾಯಕಾರಿ ನಂಬಿಕೆ ಇನ್ನೊಂದು: “ಡಕ್ಟ್ ಗಾಳಿಯನ್ನು ಹೊರಗೆ ತಳ್ಳುತ್ತದೆ, ಮಣ್ಣಿನಿಂದ ಏನೂ ಒಳಗೆ ಬರುವುದಿಲ್ಲ.” ಫ್ಯಾನ್ ನಿಂತಾಗ ಆ ಒತ್ತಡ ಇರುವುದಿಲ್ಲ. ಗಾಳಿಯನ್ನು ಫರ್ನೇಸಿಗೆ ಹಿಂದಿರುಗಿಸುವ ಡಕ್ಟ್ ನೆಲದಡಿಯಿದ್ದರಂತೂ ಫ್ಯಾನ್ ಓಡುವಾಗಲೇ ಬಿರುಕುಗಳ ಮೂಲಕ ಮಣ್ಣಿನ ಗಾಳಿಯನ್ನು ಹೀರಿ ಕೋಣೆಕೋಣೆಗೂ ಹಂಚುತ್ತದೆ. ಅದರೊಂದಿಗೆ ರೇಡಾನ್ ಬರಬಹುದು. ಯುರೇನಿಯಂ ಕ್ಷಯಿಸುವ ಸರಣಿಯಲ್ಲಿ ಹುಟ್ಟುವ ಈ ವಿಕಿರಣ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅಮೆರಿಕದಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಧೂಮಪಾನ ಬಿಟ್ಟರೆ ಇದೇ ಮುಖ್ಯ ಕಾರಣ. ವರ್ಷಕ್ಕೆ ಸುಮಾರು 21,000 ಸಾವು ಎಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜು. ಲೀಟರ್ ಗಾಳಿಗೆ 4 ಪಿಕೊಕ್ಯೂರಿ ಅಥವಾ ಹೆಚ್ಚು ಬಂದರೆ ದುರಸ್ತಿ ಮಾಡಿಸಬೇಕು ಎಂದು ಆ ಸಂಸ್ಥೆ ಹೇಳುತ್ತದೆ. ವಾಸನೆ ಇಲ್ಲ, ಹಾಗಾಗಿ ತೊಂದರೆಯಿಲ್ಲ ಎಂದು ಸುಮ್ಮನಿರುವಂತಿಲ್ಲ. ಡಕ್ಟ್ ಸರಿಪಡಿಸಿದ ಮೇಲೂ ಇನ್ನೊಮ್ಮೆ ಅಳೆಯಿಸಬೇಕು.

ಗೆದ್ದಲಿನ ಔಷಧಿಯದೂ ಇದೇ ಕತೆ. 1988ರಲ್ಲಿ ನಿಷೇಧವಾಗುವ ತನಕ ಕ್ಲೋರ್ಡೇನ್ ಎಂಬ ವಿಷವನ್ನು ಮನೆಗಳಡಿ ಧಾರಾಳವಾಗಿ ಹಾಕುತ್ತಿದ್ದರು. ಅದು ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಇಂದಿಗೂ ಸ್ಲ್ಯಾಬ್ ಕೊರೆದು ಔಷಧಿ ಹಾಕಲು ಬಂದವರಿಗೆ ಡಕ್ಟ್ ಎಲ್ಲಿದೆ ಎಂದು ತೋರಿಸದೆ ಕೆಲಸಕ್ಕೆ ಬಿಡಬೇಡಿ.

ಕ್ರಯಪತ್ರಕ್ಕೆ ಸಹಿ ಹಾಕುವ ಮುಂಚೆ ಡಕ್ಟ್‌ನೊಳಗೆ ಕ್ಯಾಮೆರಾ ಇಳಿಸಿ ನೋಡಿಸಿ, ರೇಡಾನ್ ಪರೀಕ್ಷೆಯನ್ನೂ ಮಾಡಿಸಿ. ಕೊಳವೆ ಯಾವುದರದ್ದು, ನೀರು ಎಲ್ಲಿಂದ ಬರುತ್ತಿದೆ ಎಂಬ ಎರಡು ಪ್ರಶ್ನೆಗೆ ಉತ್ತರ ಕೊಡದೆ ದರಪಟ್ಟಿ ಚಾಚುವ ಗುತ್ತಿಗೆದಾರರಿಗೆ ಮುಂಗಡ ಕೊಡಬೇಡಿ.