ಮೋಟಾರು ಸೈಕಲ್ಲಿಗೆ ತಕ್ಕ ಕೈಪಿಡಿ

“ಜಾವಾ ಮೋಟಾರು ಸೈಕಲ್ಲಿನ ರಿಪೇರಿ ಕೈಪಿಡಿಯೊಂದು ಬೇಕು” ಎಂದು ಅಂಗಡಿಯಲ್ಲಿ ಕೇಳಿದರೆ ಸಾಲದು. ಯಾವ ಕಾಲದ ಜಾವಾ ಎಂಬುದನ್ನೂ ಹೇಳಬೇಕು. 1960ರ ದಶಕದಲ್ಲಿ ಮೈಸೂರಿನಲ್ಲಿ ತಯಾರಾದ ಜಾವಾದ್ದು ಟೂ-ಸ್ಟ್ರೋಕ್ ಎಂಜಿನ್. ಅದರ ಪಿಸ್ಟನ್ನಿಗೂ ಕ್ರ್ಯಾಂಕಿನ ಬೇರಿಂಗುಗಳಿಗೂ ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಜಾರುವಿಕೆಯನ್ನು ಒದಗಿಸುತ್ತದೆ. 2018ರಲ್ಲಿ ಅದೇ ಹೆಸರಿನಿಂದ ಬಂದ ಗಾಡಿಯದಾದರೋ ಫೋರ್-ಸ್ಟ್ರೋಕ್ ಎಂಜಿನ್. ಅದರ ಎಣ್ಣೆ ಎಂಜಿನ್ನಿನ ತಳದಲ್ಲಿದ್ದು, ಪಂಪಿನಿಂದ ಹರಿಯುತ್ತದೆ. ಹೊಸದರ ಕೈಪಿಡಿಯನ್ನು ನಂಬಿ ಹಳೆಯ ಗಾಡಿಗೆ ಬರಿಯ ಪೆಟ್ರೋಲನ್ನು ತುಂಬಿದರೆ ಪಿಸ್ಟನ್ ಕಾದು ಹಿಗ್ಗಿ, ಸಿಲಿಂಡರಿನಲ್ಲಿ ಕಚ್ಚಿಕೊಳ್ಳುವುದು. ಓಡುತ್ತಿರುವಾಗಲೇ ಹಿಂದಿನ ಚಕ್ರ ಬಿಗಿದುಕೊಂಡು ಸವಾರನು ಉರುಳಲೂಬಹುದು.

ಆದುದರಿಂದ ಕೈಪಿಡಿಯಲ್ಲಿ ಹೇಳಿರುವ ಮಾದರಿ, ವರ್ಷ ಹಾಗೂ ಎಂಜಿನ್ ಸಂಖ್ಯೆಗಳನ್ನು ನಿಮ್ಮ ಗಾಡಿಯೊಡನೆ ತಾಳೆನೋಡಿರಿ.

ಟಯರಿನ ಗಾಳಿ, ಚೈನಿನ ಸಡಿಲ, ಎಣ್ಣೆಯ ಮಟ್ಟ ಇವುಗಳಿಗೆ ಗಾಡಿಯೊಡನೆ ದೊರೆಯುವ ಮಾಲೀಕರ ಪುಸ್ತಿಕೆಯೇ ಸಾಕು. ಎಂಜಿನ್ನನ್ನು ಬಿಚ್ಚುವವರಿಗೆ ವರ್ಕ್‌ಷಾಪ್ ಕೈಪಿಡಿ ಅವಶ್ಯಕ. ಭಾಗಗಳನ್ನು ಬಿಡಿಬಿಡಿಯಾಗಿ ತೋರಿಸುವ ಚಿತ್ರಗಳು, ಸವೆತದ ಮಿತಿ, ವಿದ್ಯುತ್ ತಂತಿಗಳ ನಕ್ಷೆ, ಒಂದೊಂದು ಬೋಲ್ಟನ್ನೂ ಎಷ್ಟು ನ್ಯೂಟನ್-ಮೀಟರಿಗೆ ಬಿಗಿಯಬೇಕೆಂಬ ಅಂಕಿ ಇವೆಲ್ಲ ಅದರಲ್ಲಿವೆಯೇ ಎಂದು ಪರೀಕ್ಷಿಸಿರಿ. “ಚೆನ್ನಾಗಿ ಬಿಗಿಯಿರಿ” ಎಂದಷ್ಟೇ ಹೇಳುವ ಪುಸ್ತಕವನ್ನು ಅನುಸರಿಸಿದರೆ ಅಲ್ಯೂಮಿನಿಯಮಿನಲ್ಲಿ ಕೊರೆದ ಥ್ರೆಡ್ಡು ಕಿತ್ತುಹೋದೀತು. ಉಕ್ಕಿನ ಬೋಲ್ಟಿಗಿಂತ ಅದು ಮೃದು.

ಬ್ರೇಕಿನ ಕೆಲಸದಲ್ಲಿ ಮಾತ್ರ, ಕೈಪಿಡಿಯಲ್ಲಿನ ಒಂದು ಹೆಜ್ಜೆಯಾದರೂ ಅರ್ಥವಾಗದಿದ್ದಲ್ಲಿ ಅಲ್ಲಿಗೇ ನಿಲ್ಲಿಸಿ, ಬಲ್ಲ ಮೆಕ್ಯಾನಿಕನನ್ನು ಕರೆಯುವುದು ಲೇಸು. ಅಲ್ಲಿ ಊಹೆಯ ತಪ್ಪಿಗೆ ತೆರಬೇಕಾದ ಬೆಲೆ ಯಂತ್ರವಲ್ಲ, ಪ್ರಾಣ.