ಬಟ್ಟಬಯಲು: ಗಡಿನಾಡಿನ ನೆಲೆಯಿಂದ ಒಂದು ಪದವಿಚಾರ

ಇಂಗ್ಲಿಷಿನ ‘ಓವರ್‌ಎಕ್ಸ್‌ಪೋಷರ್’ಗೆ ‘ಅತಿಬಹಿರಂಗ’ದಂತಹ ಪದವನ್ನು ಹೊಸೆಯಹೊರಡುವ ಮುನ್ನ ‘ಬಟ್ಟಬಯಲು’ ಎಂಬುದನ್ನು ನೋಡಬೇಕು. ಬಹಿರಂಗಕ್ಕೆ ಎದುರಾಗಿ ಅಂತರಂಗವೊಂದು ಇದ್ದೇ ಇರುತ್ತದೆ. ಬಟ್ಟಬಯಲಾದ ಮೇಲೆ ಮರೆಯೆಂಬುದೇ ಉಳಿಯದು. ಈ ಅತಿಶಯ ದ್ವಿರುಕ್ತಿಯಿಂದ ಬಂದದ್ದು. ಕಡೆಯಿಂದ ಕಟ್ಟಕಡೆ, ನಡುವಿನಿಂದ ನಟ್ಟನಡು ಆದಂತೆ ಬಯಲಿನಿಂದ ಬಟ್ಟಬಯಲು. ಮೊದಲೆರಡರಲ್ಲಿ ಮೂಲಪದದ ಡಕಾರವೇ ಟಕಾರದ ಒತ್ತಾಗಿದೆ. ಬಯಲಿನಲ್ಲಿ ಡಕಾರವಿಲ್ಲ, ಇಲ್ಲಿ ಸಾದೃಶ್ಯವೇ ಕೆಲಸ ಮಾಡಿರಬೇಕು.

ಕೆಲಮಂಗಲ, ಡೆಂಕಣಿಕೋಟೆಗಳ ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಬದುಕಿವೆ. ತೆಲುಗಿನಲ್ಲಿಯೂ ಇದು ‘ಬಟ್ಟಬಯಲು’ ಎಂದೇ ಇದೆ, ಅರ್ಥವೂ ಅದೇ. ತಮಿಳಿನ ದಾರಿ ಬೇರೆ. ಬಯಲಿನ ಜ್ಞಾತಿಪದ ‘ವಯಲ್’ ಅಲ್ಲಿ ಭತ್ತದ ಗದ್ದೆ. (ಕಾಸರಗೋಡಿನ ಕನ್ನಡಿಗರಿಗೆ ಇದು ವಿಚಿತ್ರವೆನಿಸದು, ಅವರ ಬಯಲೂ ಗದ್ದೆಯೇ.) ಕರಾವಳಿಯಾಚೆಯ ಕನ್ನಡದಲ್ಲಿ ಬರಿದಾದ ತೆರಪನ್ನು ಸೂಚಿಸುವ ಕೆಲಸವನ್ನು ತಮಿಳಿನಲ್ಲಿ ‘ವೆಳಿ’ ವಹಿಸಿಕೊಂಡಿತು, ಅದರ ಅತಿಶಯರೂಪ ‘ವೆಟ್ಟವೆಳಿ’. ಪದ ಬೇರೆಯಾದರೂ ಅಚ್ಚು ಒಂದೇ.

ಅನುಭಾವದಲ್ಲೂ ಇವೆರಡು ಜೊತೆಯಾಗುತ್ತವೆ. ಅಲ್ಲಮನಿಗೆ ಬಯಲು ಪರತತ್ತ್ವವಾದಂತೆ ಕುದಂಬೈ ಸಿದ್ಧರಿಗೆ ವೆಟ್ಟವೆಳಿ. ವಚನವನ್ನು ತಮಿಳಿಗೆ ತರುವವರು ಬಯಲಿಗೆ ‘ಶೂನ್ಯ’ವನ್ನು ಸಾಲ ತರಬೇಕಾಗಿಲ್ಲ, ವಯಲ್ ಎಂದಂತೂ ಬರೆಯಲಾಗದು. ಆದರೆ ಹಗರಣ ಹೊರಬಿದ್ದಾಗ ತಮಿಳು ‘ವೆಟ್ಟವೆಳಿಚ್ಚಂ’ ಎನ್ನುತ್ತದೆ. ವೆಳಿಚ್ಚಂ ಎಂದರೆ ಬೆಳಕು. ಹೀಗೆ ತಮಿಳು ಮುಕ್ತಿಗೂ ಬಯಲುಮಾಡುವುದಕ್ಕೂ ಎರಡು ಪದಗಳನ್ನಿಟ್ಟುಕೊಂಡಿದೆ. ಕನ್ನಡ ಒಂದರಲ್ಲೇ ನಿಭಾಯಿಸುತ್ತದೆ.

ತೊಡಕು ಹುಟ್ಟುವುದು ಇಲ್ಲಿಯೇ. ಬಯಲಾಗುವುದು ಶರಣನಿಗೆ ಸಿದ್ಧಿ. ಪತ್ರಿಕೆಯ ‘ಬಟಾಬಯಲು’ ಅಪರಾಧಿಯ ಅವಮಾನ. ಭ್ರಷ್ಟಾಚಾರದ ವರದಿಗೆ ಅದು ತಕ್ಕ ಪದ. ನೊಂದ ಹೆಣ್ಣೊಬ್ಬಳ ಖಾಸಗಿ ಚಿತ್ರಗಳನ್ನು ಯಾರೋ ಹರಡಿದಾಗಲೂ ‘ಬಟಾಬಯಲಾದವು’ ಎಂದು ಬರೆದರೆ, ಗುಟ್ಟು ಅವಳದು, ಅದು ತಾನಾಗಿ ಹೊರಬಿತ್ತು ಎಂಬ ಧ್ವನಿ ಬಂದುಬಿಡುತ್ತದೆ. ‘ಆಗು’ ಎಂಬ ಅಕರ್ಮಕ ಕ್ರಿಯೆಯಲ್ಲಿ ಹರಡಿದವನಿಗೆ ಸ್ಥಾನವಿಲ್ಲ. ‘ಬಯಲಿಗೆಳೆ’ ಎಂಬ ಸಕರ್ಮಕದಲ್ಲಿ ಇದೆ: ಎಳೆದವರು ಯಾರು ಎಂದು ವಾಕ್ಯವೇ ಕೇಳುತ್ತದೆ. ಆದರೆ ಅದಕ್ಕೂ ಸತ್ಯಶೋಧನೆಯ ಮೆಚ್ಚುಗೆ ಅಂಟಿಕೊಂಡಿದೆ. ಇಂತಹ ಕಡೆ ‘ಬೀದಿಗೆಳೆ’ಯೇ ಹೆಚ್ಚು ನ್ಯಾಯವಾದ ಪದವೆಂದು ನನ್ನ ಎಣಿಕೆ, ಅದರಲ್ಲಿ ಎಳೆದವನಿಗೆ ಮೆಚ್ಚುಗೆಯಿಲ್ಲ.