ಅಸ್ಥಿ ಶಸ್ತ್ರಚಿಕಿತ್ಸೆಯಲ್ಲಿ ಪ್ರತಿಜೈವಿಕಗಳ ಮೂಳೆ ಪ್ರವೇಶ

ಕೃತಕ ಕೀಲು ಜೋಡಣೆಯಲ್ಲಿ ಶಸ್ತ್ರವೈದ್ಯರು ಬಹುವಾಗಿ ಅಂಜುವ ತೊಡಕೆಂದರೆ ಸೋಂಕು. ಲೋಹದ ಮೇಲ್ಮೈಗೆ ಅಂಟಿದ ಬ್ಯಾಕ್ಟೀರಿಯಾಗಳು ತಮ್ಮ ಸುತ್ತ ಜೈವಿಕ ಪೊರೆಯನ್ನು ರಚಿಸಿಕೊಂಡ ಮೇಲೆ ಅವುಗಳನ್ನು ಔಷಧದಿಂದಷ್ಟೇ ನಿರ್ಮೂಲಗೊಳಿಸುವುದು ದುಸ್ಸಾಧ್ಯ. ಅನೇಕ ವೇಳೆ ಕೃತಕ ಕೀಲನ್ನೇ ಹೊರತೆಗೆಯಬೇಕಾಗುತ್ತದೆ. ಆದುದರಿಂದ ಛೇದನಕ್ಕೆ ಮುನ್ನವೇ ಪ್ರತಿಜೈವಿಕವನ್ನು ಅಭಿಧಮನಿಯ ಮೂಲಕ ನೀಡುವುದು ರೂಢಿಯಲ್ಲಿದೆ. ಹೀಗೆ ರಕ್ತವನ್ನು ಸೇರಿದ ಔಷಧ ಮೂಳೆಯನ್ನು ಎಷ್ಟರಮಟ್ಟಿಗೆ ತಲಪುತ್ತದೆ ಎಂಬುದು ಔಷಧದ ಸ್ವರೂಪ, ಮೂಳೆಯ ಭಾಗ, ನೀಡಿದ ಕಾಲ ಹಾಗೂ ಅಳತೆಯ ವಿಧಾನ ಇವುಗಳನ್ನು ಅವಲಂಬಿಸಿದೆ.

ಮೂಳೆ ಕೇವಲ ಖನಿಜವಲ್ಲ. ರಕ್ತನಾಳಗಳುಳ್ಳ ಜೀವಂತ ಅಂಗಾಂಶ. ರಕ್ತದ ಪ್ರೋಟೀನುಗಳಿಗೆ ಬಂಧಿತವಾಗದೆ ಮುಕ್ತವಾಗಿರುವ ಔಷಧವು ಲೋಮನಾಳಗಳ ಭಿತ್ತಿಯನ್ನು ದಾಟಿ ಕೋಶಗಳ ನಡುವಣ ದ್ರವವನ್ನು ಸೇರುತ್ತದೆ. ಒಳಗಿನ ಸ್ಪಂಜಿನಂತಹ ಮೂಳೆಗೆ ರಕ್ತದ ಪೂರೈಕೆ ಅಧಿಕ; ಹೊರಗಿನ ಗಟ್ಟಿ ಪದರಕ್ಕೆ ಕಡಿಮೆ. ವ್ಯಾಂಕೊಮೈಸಿನ್ ಈ ಗಟ್ಟಿ ಪದರವನ್ನು ಅಲ್ಪ ಪ್ರಮಾಣದಲ್ಲಿ ಮಾತ್ರ ಪ್ರವೇಶಿಸುತ್ತದೆ. 2009ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ, ರಕ್ತದಲ್ಲಿನ ಸಾಂದ್ರತೆಗೆ ಹೋಲಿಸಿದರೆ ಮೂಳೆಯಲ್ಲಿನ ಸಾಂದ್ರತೆಯು ಸೆಫಲೋಸ್ಪೊರಿನ್‌ಗಳಿಗೆ ಮತ್ತು ಪೆನಿಸಿಲಿನ್‌ಗಳಿಗೆ ಸುಮಾರು 0.1ರಿಂದ 0.3ರಷ್ಟು, ಕ್ವಿನೊಲೋನ್ ಹಾಗೂ ಲಿನೆಜೋಲಿಡ್‌ಗಳಿಗೆ 0.3ರಿಂದ 1.2ರಷ್ಟು.

ಈ ಅಂಕಿಗಳನ್ನು ಎಚ್ಚರದಿಂದ ಅರ್ಥೈಸಬೇಕು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮೂಳೆಯ ತುಣುಕನ್ನು ಪುಡಿಮಾಡಿ ಅಳೆದಾಗ, ಔಷಧ ಪ್ರವೇಶಿಸದ ಖನಿಜ ಭಾಗದ ತೂಕವೂ ಲೆಕ್ಕಕ್ಕೆ ಸೇರುವುದರಿಂದ ದ್ರವದಲ್ಲಿನ ನೈಜ ಸಾಂದ್ರತೆ ಕಡಿಮೆಯಾಗಿ ತೋರುತ್ತದೆ. ತುಣುಕಿನಲ್ಲಿ ಉಳಿದ ರಕ್ತವಾದರೋ ಅದನ್ನು ಹೆಚ್ಚಾಗಿ ತೋರಿಸಬಲ್ಲದು. ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿ ನೆಲಸುವುದು ಕೋಶಗಳ ನಡುವಣ ದ್ರವದಲ್ಲಿ. ಅಲ್ಲಿನ ಮುಕ್ತ ಔಷಧವನ್ನು ಸೂಕ್ಷ್ಮ ನಳಿಕೆಯ ಮೂಲಕ ಅಳೆಯುವ ಮೈಕ್ರೋಡಯಾಲಿಸಿಸ್ ವಿಧಾನವು ಈ ಕಾರಣದಿಂದ ಹೆಚ್ಚು ಅರ್ಥಪೂರ್ಣ.

ಕಾಲದ ಮಹತ್ವವನ್ನು ಮೊದಲು ಪ್ರಯೋಗದಿಂದ ತೋರಿಸಿದವರಲ್ಲಿ ಜಾನ್ ಬರ್ಕ್ ಪ್ರಮುಖರು. 1961ರಲ್ಲಿ ಪ್ರಕಟವಾದ ಅವರ ಗಿನಿಯಿಲಿಗಳ ಪ್ರಯೋಗದಲ್ಲಿ, ಬ್ಯಾಕ್ಟೀರಿಯಾ ಸೇರಿ ಮೂರು ಗಂಟೆ ಕಳೆದ ಬಳಿಕ ನೀಡಿದ ಔಷಧ ನಿಷ್ಫಲವಾಯಿತು. 1992ರಲ್ಲಿ ಕ್ಲಾಸೆನ್ ಮತ್ತು ಸಂಗಡಿಗರು 2,847 ರೋಗಿಗಳನ್ನು ಅಧ್ಯಯನ ಮಾಡಿ, ಛೇದನಕ್ಕೆ ಮುಂಚಿನ ಎರಡು ಗಂಟೆಗಳೊಳಗೆ ಔಷಧ ಪಡೆದವರಲ್ಲಿ ಸೋಂಕು 0.6 ಶೇಕಡಾ, ಅದಕ್ಕೂ ಮೊದಲೇ ಪಡೆದವರಲ್ಲಿ 3.8 ಶೇಕಡಾ ಎಂದು ಕಂಡುಕೊಂಡರು. ಸೆಫಜೋಲಿನ್ ಅನ್ನು ಛೇದನದ ಹಿಂದಿನ 60 ನಿಮಿಷಗಳೊಳಗೆ, ನಿಧಾನವಾಗಿ ಹರಿಸಬೇಕಾದ ವ್ಯಾಂಕೊಮೈಸಿನ್ ಅನ್ನು 120 ನಿಮಿಷಗಳೊಳಗೆ ಆರಂಭಿಸಬೇಕೆಂಬುದು ಪ್ರಚಲಿತ ನಿಯಮ. ಶಸ್ತ್ರಚಿಕಿತ್ಸೆ ದೀರ್ಘವಾದರೆ ಸೆಫಜೋಲಿನ್ ಅನ್ನು ನಾಲ್ಕು ಗಂಟೆಗಳ ಬಳಿಕ ಮರಳಿ ನೀಡಲಾಗುತ್ತದೆ. ಮೊಣಕಾಲಿನ ಶಸ್ತ್ರಚಿಕಿತ್ಸೆಯಲ್ಲಿ ತೊಡೆಗೆ ಟೂರ್ನಿಕೆಟ್ ಪಟ್ಟಿಯನ್ನು ಬಿಗಿದರೆ ಕಾಲಿಗೆ ರಕ್ತದ ಹರಿವು ನಿಲ್ಲುತ್ತದೆ. ಆ ಬಳಿಕ ನೀಡಿದ ಔಷಧ ಅಲ್ಲಿನ ಮೂಳೆಯನ್ನು ತಲಪಲಾರದು.

ರಕ್ತಪ್ರವಾಹವನ್ನೇ ಅವಲಂಬಿಸದ ಮಾರ್ಗಗಳೂ ಉಂಟು. 1970ರಲ್ಲಿ ಜರ್ಮನಿಯ ಬುಖ್‌ಹೋಲ್ಟ್ಸ್ ಮತ್ತು ಎಂಗೆಲ್‌ಬ್ರೆಖ್ಟ್ ಅವರು ಮೂಳೆ ಸಿಮೆಂಟಿನಲ್ಲಿ ಪ್ರತಿಜೈವಿಕವನ್ನು ಬೆರೆಸುವ ಕ್ರಮವನ್ನು ಪ್ರಕಟಿಸಿದರು. ಟೂರ್ನಿಕೆಟ್ ಬಿಗಿದ ಬಳಿಕ ಅದರ ಕೆಳಭಾಗದ ಮೂಳೆಯೊಳಕ್ಕೇ ವ್ಯಾಂಕೊಮೈಸಿನ್ ಹಾಯಿಸಿದಾಗ, ರಕ್ತಕ್ಕೆ ನೀಡಿದ ಪ್ರಮಾಣಕ್ಕಿಂತ ಕಡಿಮೆ ಔಷಧದಿಂದಲೇ ಅಧಿಕ ಸಾಂದ್ರತೆ ಲಭಿಸುವುದನ್ನು 2014ರ ಅಧ್ಯಯನವೊಂದು ತೋರಿಸಿತು.

ಆದಾಗ್ಯೂ ಮೂಳೆಯಲ್ಲಿನ ಸಾಂದ್ರತೆ ಸಾಧನವೇ ಹೊರತು ಸಾಧ್ಯವಲ್ಲ. ಸೋಂಕು ವಿರಳವಾದುದರಿಂದ ಅದು ನಿಜವಾಗಿ ತಗ್ಗಿತೇ ಎಂದು ನಿರ್ಣಯಿಸಲು ಸಹಸ್ರಾರು ರೋಗಿಗಳ ತುಲನಾತ್ಮಕ ಅಧ್ಯಯನ ಅಗತ್ಯ. ಅಧಿಕ ಸಾಂದ್ರತೆಯನ್ನೇ ರಕ್ಷಣೆಯ ಪುರಾವೆಯೆಂದು ಭಾವಿಸುವುದು ಸಮಂಜಸವಾಗದು.